‘ದೇರ್’ ಅಂದರೆ ಬರೀ ‘ಅಲ್ಲಿ’ ಅಲ್ಲ

ಪ್ರಶ್ನೆ: ನಾನು ಪಿಯುಸಿ ತನಕ ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ಬೆಂಗಳೂರಿನ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೇನೆ. ‘ದೇರ್’ ಅಂದರೆ ‘ಅಲ್ಲಿ’ ಅಂತ ಶಾಲೆಯಲ್ಲಿ ಕಲಿಸಿದ್ದರು. ಹಾಗಾದರೆ ‘ದೇರ್ ಈಸ್ ಎ ಪ್ರಾಬ್ಲಮ್ ಹಿಯರ್’ ಅಂದರೆ ಸಮಸ್ಯೆ ಅಲ್ಲಿದೆಯೋ, ಇಲ್ಲಿದೆಯೋ? ‘ಟುಡೇ ಮೀಟಿಂಗ್ ಈಸ್ ದೇರ್’ ಅಂತ ನಾನು ಹೇಳಿದಾಗೆಲ್ಲ ನಮ್ಮ ಟೀಮ್ ಲೀಡರ್ ತಿದ್ದುತ್ತಾರೆ. ಯಾಕೆ ತಪ್ಪು ಅಂತ ಮಾತ್ರ ಹೇಳುವುದಿಲ್ಲ. ‘ಗೋ ಟು ದೇರ್’ ಕೂಡ ತಪ್ಪಂತೆ. ಇನ್ನು ನಮ್ಮ ಬಾಡಿಗೆ ಕರಾರಿನಲ್ಲಿ ‘ದೇರಾಫ್’, ‘ದೇರಿನ್’ ಅಂತೆಲ್ಲ ಇದೆ. ಒಂದೇ ಪದ ಇಷ್ಟು ಕಡೆ ಹೇಗೆ ಬರುತ್ತದೆ? ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ‘ದೇರ್ ಈಸ್ ಎ ಪ್ರಾಬ್ಲಮ್ ಹಿಯರ್’ ಅಂದಾಗ ಸಮಸ್ಯೆ ಇರುವುದು ಇಲ್ಲಿ. ಆ ವಾಕ್ಯದಲ್ಲಿ ‘ಅಲ್ಲಿ’ ಅನ್ನುವ ಅರ್ಥವೇ ಇಲ್ಲ. ಇಂಗ್ಲಿಷ್‌ನಲ್ಲಿ ಎರಡು ‘ದೇರ್’ ಇವೆ. ಸ್ಪೆಲಿಂಗ್ ಒಂದೇ, ಹುಟ್ಟೂ ಒಂದೇ. ಆದರೆ ಕೆಲಸ ಬೇರೆ, ಉಚ್ಚಾರವೂ ಬೇರೆ. ಶಾಲೆಯಲ್ಲಿ ಮೊದಲನೆಯದನ್ನು ಹೇಳಿಕೊಟ್ಟು ಎರಡನೆಯದನ್ನು ಹಾಗೇ ಬಿಟ್ಟುಬಿಡುತ್ತಾರೆ. ಮಾತಿನಲ್ಲಿ ಜಾಸ್ತಿ ಬರುವುದು ಮಾತ್ರ ಆ ಎರಡನೆಯದೇ. ನಿಮ್ಮ ತೊಡಕು ಅಲ್ಲಿಂದ ಶುರುವಾಗಿದೆ, ನಿಮ್ಮ ತಪ್ಪೇನೂ ಇಲ್ಲ.

ಮೊದಲನೆಯದು ತೋರಿಸುವ ‘ದೇರ್’. ‘ಪುಟ್ ದ ಬ್ಯಾಗ್ ದೇರ್’, ಬ್ಯಾಗನ್ನು ಅಲ್ಲಿಡು. ಇದನ್ನು ಹೇಳುವಾಗ ದನಿಯಲ್ಲಿ ಒತ್ತು ಇರುತ್ತದೆ, ಬೇಕಾದರೆ ಕೈಯನ್ನೂ ತೋರಿಸಬಹುದು. ಇದು ನಮ್ಮ ‘ಅಲ್ಲಿ’ಯೇ, ಸಂಶಯ ಇಲ್ಲ.

ಎರಡನೆಯದು ಜಾಗ ಹಿಡಿಯುವ ‘ದೇರ್’. ಇಂಗ್ಲಿಷ್‌ನ ಸಾಮಾನ್ಯ ವಾಕ್ಯದಲ್ಲಿ ಕ್ರಿಯಾಪದಕ್ಕಿಂತ ಮೊದಲು ಕರ್ತೃ ಕೂತಿರಲೇಬೇಕು. ಕನ್ನಡದಲ್ಲಿ ‘ಬಂದೆ’ ಅಂದರೆ ಸಾಕು, ಬಂದದ್ದು ಯಾರು ಅಂತ ಕ್ರಿಯಾಪದವೇ ಹೇಳುತ್ತದೆ. ಇಂಗ್ಲಿಷ್‌ನಲ್ಲಿ ಆ ಸೀಟು ಖಾಲಿ ಬಿಡುವ ಹಾಗಿಲ್ಲ. ಆದರೆ ಹೊಸ ವಿಷಯವನ್ನು ಮೊದಲ ಸಲ ಹೇಳುವಾಗ ಅದನ್ನು ವಾಕ್ಯದ ತಲೆಗೇ ಇಡುವುದಕ್ಕೆ ಆ ಭಾಷೆ ಇಷ್ಟಪಡುವುದಿಲ್ಲ, ಸ್ವಲ್ಪ ಹಿಂದಕ್ಕೆ ತಳ್ಳುತ್ತದೆ. ಆಗ ಮುಂದಿನ ಸೀಟಿಗೆ ಏನಾದರೂ ಹಾಕಬೇಕಲ್ಲ? ನಮ್ಮ ಬಸ್ ಸ್ಟ್ಯಾಂಡುಗಳಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವುದಿಲ್ಲವೇ, ಅಷ್ಟೇ ಕೆಲಸ ಈ ‘ದೇರ್’ನದು. ಕೂರುವ ಮನುಷ್ಯ ಹಿಂದಿನಿಂದ ಬರುತ್ತಾನೆ. ‘ದೇರ್ ಈಸ್ ಎ ಪ್ರಾಬ್ಲಮ್’ನಲ್ಲಿ ನಿಜವಾಗಿ ಇರುವುದು ‘ಪ್ರಾಬ್ಲಮ್’.

ಒಂದೇ ವಾಕ್ಯದಲ್ಲಿ ‘ದೇರ್’ ಮತ್ತು ‘ಹಿಯರ್’ ಎರಡೂ ಬಂದರೆ ಗೊಂದಲ ಆಗುವುದಿಲ್ಲವೇ ಅಂತ ನಿಮಗೆ ಅನ್ನಿಸಬಹುದು. ನಮ್ಮ ಮಾತನ್ನೇ ನೋಡಿ. ‘ಇಲ್ಲಿ, ನಮ್ಮ ಮನೆಯಲ್ಲಿ, ಎಲ್ಲರೂ ಚೆನ್ನಾಗಿದ್ದೇವೆ’ ಅಂತ ಹೇಳುತ್ತೇವೆ. ‘ಮನೆಯಲ್ಲಿ’ ಅನ್ನುವುದರ ಒಳಗೆ ‘ಅಲ್ಲಿ’ ಇದೆ. ಪಕ್ಕದಲ್ಲೇ ‘ಇಲ್ಲಿ’ಯೂ ಇದೆ. ಯಾರಿಗೂ ಗೊಂದಲ ಆಗುವುದಿಲ್ಲ. ಯಾಕೆಂದರೆ ಆ ‘ಅಲ್ಲಿ’ ಜಾಗ ತೋರಿಸುವ ಕೆಲಸ ಬಿಟ್ಟು ಬರೀ ಪ್ರತ್ಯಯವಾಗಿ ನಿಂತಿದೆ. ಇಂಗ್ಲಿಷ್‌ನ ‘ದೇರ್’ಗೂ ಹಾಗೇ ಆಯಿತು. ತೋರಿಸುವ ಪದ ಸವೆದು ಸವೆದು ವ್ಯಾಕರಣದ ಪದವಾಯಿತು.

ಈಗ ನಿಮ್ಮ ‘ಟುಡೇ ಮೀಟಿಂಗ್ ಈಸ್ ದೇರ್’ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಕನ್ನಡಿಗರಿಗೆ ‘ದೇರ್’ ಕಷ್ಟವಾಗುವುದಕ್ಕೆ ನಿಜವಾದ ಕಾರಣ ನಮ್ಮ ‘ಇದೆ’. ಈ ಒಂದು ಪದದಿಂದ ನಾವು ಮೂರು ಕೆಲಸ ಮಾಡಿಸುತ್ತೇವೆ. ಅಜ್ಜಿ ಹೇಳುವ ಕಥೆ ಹೇಗೆ ಶುರುವಾಗುತ್ತದೆ ಅಂತ ನೆನಪಿಸಿಕೊಳ್ಳಿ.

‘ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಮೂವರು ಗಂಡುಮಕ್ಕಳು ಇದ್ದರು. ಒಂದು ದಿನ ರಾಜ ತೋಟದಲ್ಲಿ ಇದ್ದ.’

ಮೂರು ವಾಕ್ಯದಲ್ಲೂ ‘ಇರು’ ಅನ್ನುವ ಒಂದೇ ಕ್ರಿಯಾಪದ. ಇಂಗ್ಲಿಷ್‌ಗೆ ಹೋದರೆ ಮೂರಕ್ಕೂ ಮೂರು ದಾರಿ. ಮೊದಲನೆಯದು, ‘ದೇರ್ ವಾಸ್ ಎ ಕಿಂಗ್ ಇನ್ ಎ ಟೌನ್’. ಎರಡನೆಯದು, ‘ದ ಕಿಂಗ್ ಹ್ಯಾಡ್ ತ್ರೀ ಸನ್ಸ್’. ಮೂರನೆಯದು, ‘ಒನ್ ಡೇ ದ ಕಿಂಗ್ ವಾಸ್ ಇನ್ ದ ಗಾರ್ಡನ್’.

ಯಾಕೆ ಹೀಗೆ? ಮೊದಲ ವಾಕ್ಯದಲ್ಲಿ ರಾಜ ಕೇಳುವವರಿಗೆ ಹೊಸಬ. ಅಂಥ ಒಬ್ಬ ಇದ್ದ ಅಂತ ಪರಿಚಯ ಮಾಡಿಸುತ್ತಿದ್ದೇವೆ. ಅದಕ್ಕೆ ‘ದೇರ್’ ಬೇಕು. ಮೂರನೆಯ ವಾಕ್ಯದ ಹೊತ್ತಿಗೆ ರಾಜ ಗೊತ್ತಿರುವವನು. ಎಲ್ಲಿದ್ದ ಅನ್ನುವುದಷ್ಟೇ ಹೊಸದು. ಆದ್ದರಿಂದ ರಾಜನೇ ಮುಂದಿನ ಸೀಟಿನಲ್ಲಿ ಕೂರುತ್ತಾನೆ, ‘ದೇರ್’ ಬೇಕಾಗಿಲ್ಲ. ನಡುವಿನ ವಾಕ್ಯದಲ್ಲಿ ‘ರಾಜನಿಗೆ’ ಅಂತ ‘ಗೆ’ ಬಂದಿದೆ. ಯಾರಿಗೋ ಏನೋ ಇದೆ ಅಂದರೆ ಇಂಗ್ಲಿಷ್ ಸಾಮಾನ್ಯವಾಗಿ ‘ಹ್ಯಾವ್’ ಬಳಸುತ್ತದೆ.

ಕನ್ನಡ ಇದೇ ವ್ಯತ್ಯಾಸವನ್ನು ಯಾವ ಹೆಚ್ಚಿನ ಪದವೂ ಇಲ್ಲದೆ ಪದಗಳ ಜಾಗ ಬದಲಿಸಿಯೇ ತೋರಿಸುತ್ತದೆ. ಇದು ನಮಗೆ ಎಷ್ಟು ಸಹಜ ಅಂದರೆ, ಯಾರಾದರೂ ಹೇಳುವ ತನಕ ಗಮನಕ್ಕೇ ಬರುವುದಿಲ್ಲ. ‘ಮೇಜಿನ ಮೇಲೆ ಪುಸ್ತಕ ಇದೆ’ ಅಂದರೆ ಯಾವುದೋ ಒಂದು ಪುಸ್ತಕ. ‘ಪುಸ್ತಕ ಮೇಜಿನ ಮೇಲಿದೆ’ ಅಂದರೆ ನೀವು ಹುಡುಕುತ್ತಿರುವ ಆ ಪುಸ್ತಕ. ಮೊದಲನೆಯದಕ್ಕೆ ‘ದೇರ್ ಈಸ್ ಎ ಬುಕ್ ಆನ್ ದ ಟೇಬಲ್’. ಎರಡನೆಯದಕ್ಕೆ ‘ದ ಬುಕ್ ಈಸ್ ಆನ್ ದ ಟೇಬಲ್’. ಹೊಸದನ್ನು ‘ಇದೆ’ಯ ಪಕ್ಕಕ್ಕೆ ತರುವುದು ನಮ್ಮ ಕ್ರಮ. ‘ದೇರ್’ ಹಾಕಿ ಹಿಂದಕ್ಕೆ ತಳ್ಳುವುದು ಅವರ ಕ್ರಮ. ಹಿಂದಿಯಲ್ಲೂ ಸುಮಾರು ನಮ್ಮ ಹಾಗೇ. ಫ್ರೆಂಚ್, ಇಟಾಲಿಯನ್ ಭಾಷೆಗಳಲ್ಲಿ ಇಂಗ್ಲಿಷ್ ಥರವೇ ‘ಅಲ್ಲಿ’ ಅನ್ನುವ ಅರ್ಥದ ಪುಟ್ಟ ಪದವೊಂದು ಈ ಕೆಲಸಕ್ಕೆ ಬರುತ್ತದೆ. ಅಂದರೆ ಇದು ಇಂಗ್ಲಿಷ್‌ನ ಒಂದು ವಿಚಿತ್ರ ಅಭ್ಯಾಸ ಅಂತ ತಿಳಿಯಬೇಕಾಗಿಲ್ಲ.

ಈ ರಚನೆ ಎಷ್ಟು ಗಟ್ಟಿ ಅಂತ ನೋಡಬೇಕಾದರೆ ನಮ್ಮ ಸಂವಿಧಾನದ ಇಂಗ್ಲಿಷ್ ಪ್ರತಿ ತೆರೆಯಿರಿ. 52ನೇ ವಿಧಿ ಇಷ್ಟೇ: ‘ದೇರ್ ಷಲ್ ಬಿ ಎ ಪ್ರೆಸಿಡೆಂಟ್ ಆಫ್ ಇಂಡಿಯಾ’. ಭಾರತಕ್ಕೆ ಒಬ್ಬ ರಾಷ್ಟ್ರಪತಿ ಇರಬೇಕು. 63ನೇ ವಿಧಿ ಉಪರಾಷ್ಟ್ರಪತಿಗೆ, 79 ಸಂಸತ್ತಿಗೆ, 124 ಸುಪ್ರೀಂ ಕೋರ್ಟಿಗೆ, 153 ರಾಜ್ಯಪಾಲರಿಗೆ. ಎಲ್ಲವೂ ‘ದೇರ್ ಷಲ್ ಬಿ’ ಅಂತಲೇ ಶುರು. ಒಂದು ಹುದ್ದೆ ಅಥವಾ ಸಂಸ್ಥೆ ಆ ವಾಕ್ಯದಿಂದ ಹುಟ್ಟುತ್ತದೆ. 52ರಲ್ಲಿ ‘ಎ ಪ್ರೆಸಿಡೆಂಟ್’ ಅಂತ ಬಂದವರು 53ನೇ ವಿಧಿಗೆ ಬರುವಷ್ಟರಲ್ಲಿ ‘ದ ಪ್ರೆಸಿಡೆಂಟ್’ ಆಗಿರುತ್ತಾರೆ. ಅಜ್ಜಿಯ ಕಥೆಯ ರಾಜನಿಗೆ ಆದದ್ದೂ ಇದೇ. ಇಷ್ಟು ಸೊಗಸಾದ ಉದಾಹರಣೆ ವ್ಯಾಕರಣದ ಪುಸ್ತಕಗಳಲ್ಲಿ ಸಿಗುವುದು ಅಪರೂಪ. ಇಂಗ್ಲಿಷ್ ಕಲಿಸುವ ಮೇಷ್ಟ್ರುಗಳು ಇದನ್ನು ತರಗತಿಯಲ್ಲಿ ಬಳಸಬೇಕು ಅನ್ನುವುದು ನನ್ನ ಆಸೆ.

ಹಾಗಾಗಿ ‘ಇವತ್ತು ಮೀಟಿಂಗ್ ಇದೆ’ ಅನ್ನುವಾಗ ಮೀಟಿಂಗ್ ಹೊಸ ಸುದ್ದಿ. ‘ದೇರ್ ಈಸ್ ಎ ಮೀಟಿಂಗ್ ಟುಡೇ’ ಅನ್ನಬೇಕು. ‘ವಿ ಹ್ಯಾವ್ ಎ ಮೀಟಿಂಗ್ ಟುಡೇ’ ಅಂದರೂ ಆಯಿತು, ಆಫೀಸಿನಲ್ಲಿ ಅದೇ ಜಾಸ್ತಿ ಕೇಳಿಸುವುದು. ನೀವು ಹೇಳಿದ್ದು ಕನ್ನಡದ ಕ್ರಮ. ಪದಗಳು ಮಾತ್ರ ಇಂಗ್ಲಿಷಿನವು. ಅರ್ಥ ಯಾರಿಗೂ ಆಗದೆ ಇರುವುದಿಲ್ಲ. ಭಾರತದ ಉದ್ದಕ್ಕೂ ಕೋಟ್ಯಂತರ ಜನ ಹೀಗೇ ಮಾತಾಡುತ್ತಾರೆ, ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆದರೆ ಬರೆಯುವಾಗ, ಇಂಟರ್‌ವ್ಯೂನಲ್ಲಿ, ಹೊರದೇಶದವರ ಜೊತೆಗಿನ ಕಾಲ್‌ನಲ್ಲಿ ಸರಿಯಾದ ರೂಪ ಬಾಯಿಗೆ ಬಂದರೆ ಒಳ್ಳೆಯದು.

ದಿನಾ ಬರುವ ಕೆಲವು ಮಾತು ನೋಡಿ. ‘ಕರೆಂಟ್ ಇಲ್ಲ’ ಅನ್ನುವುದಕ್ಕೆ ‘ಕರೆಂಟ್ ಈಸ್ ನಾಟ್ ದೇರ್’ ಅನ್ನುತ್ತೇವೆ. ‘ದೇರ್ ಈಸ್ ನೋ ಪವರ್’ ಅನ್ನಿ. ‘ಟ್ರಾಫಿಕ್ ತುಂಬಾ ಇತ್ತು’, ‘ದೇರ್ ವಾಸ್ ಎ ಲಾಟ್ ಆಫ್ ಟ್ರಾಫಿಕ್’. ‘ಒಂದು ಡೌಟ್ ಇದೆ’ ಅನ್ನುವುದಕ್ಕೆ ‘ಒನ್ ಡೌಟ್ ಈಸ್ ದೇರ್’ ಬೇಡ. ಇಲ್ಲಿ ‘ನನಗೆ’ ಅನ್ನುವುದು ಬಾಯಲ್ಲಿ ಬರದಿದ್ದರೂ ಮನಸ್ಸಿನಲ್ಲಿದೆ. ಆದ್ದರಿಂದ ‘ಐ ಹ್ಯಾವ್ ಎ ಕ್ವೆಶ್ಚನ್’. ‘ನನಗೆ ಇಬ್ಬರು ತಮ್ಮಂದಿರು ಇದ್ದಾರೆ’ ಅನ್ನುವುದು ‘ಐ ಹ್ಯಾವ್ ಟೂ ಯಂಗರ್ ಬ್ರದರ್ಸ್’. ‘ತಿನ್ನೋಕೆ ಏನಾದ್ರೂ ಇದ್ಯಾ?’ ಅನ್ನುವುದು ‘ಈಸ್ ದೇರ್ ಎನಿಥಿಂಗ್ ಟು ಈಟ್?’ ‘ಹೋಗಿ ಪ್ರಯೋಜನ ಇಲ್ಲ’ ಅನ್ನುವುದು ‘ದೇರ್ ಈಸ್ ನೋ ಪಾಯಿಂಟ್ ಇನ್ ಗೋಯಿಂಗ್’. ಆಫೀಸಿನ ಬಾಗಿಲಲ್ಲಿ ನಿಂತು ‘ಸಾಹೇಬರು ಇದ್ದಾರಾ?’ ಅಂತ ಕೇಳುವಾಗ ಮಾತ್ರ ಬೇರೆ. ಸಾಹೇಬರು ಗೊತ್ತಿರುವವರು, ಒಳಗಿದ್ದಾರೋ ಇಲ್ಲವೋ ಅನ್ನುವುದೇ ಪ್ರಶ್ನೆ. ಅದಕ್ಕೆ ‘ಈಸ್ ಹಿ ಇನ್?’ ಅನ್ನುತ್ತಾರೆ. ಫೋನಿನಲ್ಲಾದರೆ ‘ಈಸ್ ಹಿ ದೇರ್?’ ಸರಿ. ಅಲ್ಲಿ ‘ದೇರ್’ ನಿಜವಾಗಲೂ ‘ಅಲ್ಲಿ’, ಫೋನಿನ ಆ ಕಡೆ.

‘ಈಸ್ ದೇರ್’ ಅಂತ ವಾಕ್ಯದ ಕೊನೆಗೆ ಬರಲೇಬಾರದು ಅಂತ ಮಾತ್ರ ತಿಳಿಯಬೇಡಿ. ಕೆಲವರು ಹಾಗೆ ಹೇಳಿಕೊಡುತ್ತಾರೆ, ಅದು ಸರಿಯಲ್ಲ. ಬ್ರಿಟನ್ನಿನ ಪರ್ವತಾರೋಹಿ ಜಾರ್ಜ್ ಮ್ಯಾಲರಿ ಹೆಸರಿನಲ್ಲಿ ಒಂದು ಪ್ರಸಿದ್ಧ ಮಾತಿದೆ. ಎವರೆಸ್ಟ್ ಯಾಕೆ ಹತ್ತಬೇಕು ಅಂತ ಕೇಳಿದ್ದಕ್ಕೆ ‘ಬಿಕಾಸ್ ಇಟ್ಸ್ ದೇರ್’ ಅಂದರು ಅಂತ 1923ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಬಂತು. ಮರುವರ್ಷ ಅವರು ಅದೇ ಎವರೆಸ್ಟ್‌ನಲ್ಲಿ ಕಣ್ಮರೆಯಾದರು. ಅಲ್ಲಿ ‘ಇಟ್’ ಅಂದರೆ ಈಗ ತಾನೇ ಮಾತಿಗೆ ಬಂದ ಎವರೆಸ್ಟ್. ಗೊತ್ತಿರುವ ವಸ್ತು. ಗೊತ್ತಿರುವ ವಸ್ತುವಿನ ಬಗ್ಗೆ ‘ಅದು ಇದೆ, ಎಲ್ಲೂ ಹೋಗಿಲ್ಲ’ ಅನ್ನುವುದಕ್ಕೆ ‘ಈಸ್ ದೇರ್’ ಚೆನ್ನಾಗಿ ಹೊಂದುತ್ತದೆ. ‘ದ ಮನಿ ಈಸ್ ದೇರ್, ಬಟ್ ವಿ ಡೋಂಟ್ ಹ್ಯಾವ್ ಟೈಮ್’ ಅಂದರೂ ಹಾಗೇ. ದುಡ್ಡಿದೆ, ಟೈಮ್ ಇಲ್ಲ. ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ವಿಷಯ ಕೇಳುವವರಿಗೆ ಹೊಸದೋ, ಗೊತ್ತಿರುವುದೋ?

ಇದೇ ಕಾರಣಕ್ಕೆ ‘ದೇರ್ ಈಸ್’ ಆದಮೇಲೆ ‘ಎ’, ‘ಸಮ್’, ‘ನೋ’, ‘ಎನಿ’, ‘ಮೆನಿ’, ಸಂಖ್ಯೆಗಳು ಸಲೀಸಾಗಿ ಬರುತ್ತವೆ, ‘ದ’ ಬರುವುದಿಲ್ಲ. ‘ದೇರ್ ಈಸ್ ದ ವಿಧಾನಸೌಧ ಇನ್ ಬೆಂಗಳೂರು’ ಅಂದರೆ ಕಿವಿಗೆ ಒಗ್ಗುವುದಿಲ್ಲ. ‘ದ ವಿಧಾನಸೌಧ ಈಸ್ ಇನ್ ಬೆಂಗಳೂರು’ ಅನ್ನಬೇಕು. ಒಂದು ಕಡೆ ಮಾತ್ರ ವಿನಾಯಿತಿ ಇದೆ. ಯಾರೋ ನೆಂಟರು ಬಂದಿದ್ದಾರೆ, ಎಲ್ಲಿಗೆ ಕರೆದುಕೊಂಡು ಹೋಗೋಣ ಅಂತ ಕೇಳಿದರೆ, ‘ವೆಲ್, ದೇರ್ಸ್ ಲಾಲ್‌ಬಾಗ್, ದೇರ್ಸ್ ಕಬ್ಬನ್ ಪಾರ್ಕ್’ ಅಂತ ಒಂದೊಂದೇ ನೆನಪು ಮಾಡಿಕೊಟ್ಟ ಹಾಗೆ ಹೇಳಬಹುದು. ‘ಲಾಲ್‌ಬಾಗ್ ಇದೆ, ಕಬ್ಬನ್ ಪಾರ್ಕ್ ಇದೆ’ ಅಂತ ನಾವೂ ಹೇಳುತ್ತೇವಲ್ಲ, ಹಾಗೆ.

ವ್ಯಾಕರಣದ ದೃಷ್ಟಿಯಿಂದ ಈ ‘ದೇರ್’ ಪೂರ್ತಿ ಕರ್ತೃವಿನ ಥರವೇ ನಡೆದುಕೊಳ್ಳುತ್ತದೆ. ಪ್ರಶ್ನೆ ಮಾಡುವಾಗ ಅದೇ ಜಾಗ ಬದಲಿಸುತ್ತದೆ: ‘ಈಸ್ ದೇರ್ ಎ ಬಸ್ ಅಟ್ ಸಿಕ್ಸ್?’ ‘ಅಲ್ವಾ’ ಸೇರಿಸುವಾಗಲೂ ಅದೇ ಬರುತ್ತದೆ: ‘ದೇರ್ಸ್ ಎ ಬಸ್ ಅಟ್ ಸಿಕ್ಸ್, ಈಸಂಟ್ ದೇರ್?’ ಇಲ್ಲಿ ನಮ್ಮವರು ‘ಈಸಂಟ್ ಇಟ್’ ಅಂತ ಅಂದುಬಿಡುತ್ತಾರೆ. ‘ಏನೋ ತಪ್ಪಾದ ಹಾಗಿದೆ’ ಅನ್ನುವುದಕ್ಕೆ ‘ದೇರ್ ಸೀಮ್ಸ್ ಟು ಬಿ ಎ ಮಿಸ್ಟೇಕ್’, ‘ಇಲ್ಲಿ ಮುಂಚೆ ಒಂದು ಕೆರೆ ಇತ್ತು’ ಅನ್ನುವುದಕ್ಕೆ ‘ದೇರ್ ಯೂಸ್ಡ್ ಟು ಬಿ ಎ ಲೇಕ್ ಹಿಯರ್’. ಈ ಕೊನೆಯ ವಾಕ್ಯದಲ್ಲೂ ನೀವು ಕೇಳಿದ ‘ದೇರ್’, ‘ಹಿಯರ್’ ಜೋಡಿಯೇ ಇದೆ ನೋಡಿ.

ಆದರೆ ಏಕವಚನ, ಬಹುವಚನ ನಿರ್ಧಾರ ಮಾಡುವುದು ‘ದೇರ್’ ಅಲ್ಲ. ಹಿಂದೆ ಬರುವ ನಿಜವಾದ ವಸ್ತು. ‘ದೇರ್ ಈಸ್ ಎ ಚೇರ್’, ‘ದೇರ್ ಆರ್ ಟೂ ಚೇರ್ಸ್’. ಮಾತಿನಲ್ಲಿ ಇಂಗ್ಲಿಷ್ ಮಾತೃಭಾಷೆಯವರೇ ‘ದೇರ್ಸ್ ಟೂ ಚೇರ್ಸ್’ ಅನ್ನುವುದುಂಟು. ಅದನ್ನು ಕೇಳಿ ಗಾಬರಿಯಾಗಬೇಡಿ, ಬರವಣಿಗೆಯಲ್ಲಿ ಮಾತ್ರ ‘ಆರ್’ ಹಾಕಿ.

ಉಚ್ಚಾರದ ವಿಷಯ ಒಂದು ಮಾತು. ತೋರಿಸುವ ‘ದೇರ್’ನ ಸ್ವರ ಪೂರ್ತಿ ಕೇಳಿಸುತ್ತದೆ. ಜಾಗ ಹಿಡಿಯುವ ‘ದೇರ್’ಗೆ ಒತ್ತೇ ಇಲ್ಲ. ಬೇಗ ಮಾತಾಡುವಾಗ ಅದು ‘ದರ್’ ಅನ್ನುವಷ್ಟಕ್ಕೆ ಕುಗ್ಗುತ್ತದೆ, ‘ದರ್ಸ್ ಎ ಪ್ರಾಬ್ಲಮ್’ ಅಂತ ಕೇಳಿಸುತ್ತದೆ. ನಾವು ಎರಡಕ್ಕೂ ಒಂದೇ ತೂಕ ಕೊಟ್ಟು ‘ದೇರ್ ಈಸ್’ ಅಂತ ಬಿಡಿಬಿಡಿಯಾಗಿ ಹೇಳುತ್ತೇವೆ. ಹಾಗೆ ಹೇಳಿದರೆ ಕೇಳುವವರು ಎಲ್ಲೋ ತೋರಿಸುತ್ತಿದ್ದೀರಿ ಅಂದುಕೊಳ್ಳಬಹುದು.

ಆ ತೋರಿಸುವ ‘ದೇರ್’ ವಾಕ್ಯದ ಮೊದಲಿಗೂ ಬರುತ್ತದೆ. ಆಗ ಅದಕ್ಕೆ ಕನ್ನಡದಲ್ಲಿ ‘ಅಲ್ಲಿ’ಗಿಂತ ಒಳ್ಳೆಯ ಪದ ಇದೆ: ‘ಅಗೋ’. ‘ದೇರ್ ಗೋಸ್ ದ ಬಸ್!’ ಅಗೋ, ಬಸ್ ಹೋಯಿತು! ‘ದೇರ್ಸ್ ದ ಬುಕ್!’ ಅಗೋ ಪುಸ್ತಕ! ‘ಹಿಯರ್ ಕಮ್ಸ್ ದ ಬಸ್’ ಅಂದರೆ ಇಗೋ ಬಂತು ಬಸ್. ನಮ್ಮ ‘ಅಗೋ’, ‘ಇಗೋ’ ಇಷ್ಟು ಚೆನ್ನಾಗಿ ಕೂರುವಾಗ ಅನುವಾದ ಮಾಡುವವರು ಯಾಕೆ ಬಳಸುವುದಿಲ್ಲವೋ ನನಗೆ ಬೇಸರ. ಇಲ್ಲಿ ‘ದ’ ಬಂದದ್ದು ಗಮನಿಸಿ. ಇದು ಜಾಗ ಹಿಡಿಯುವ ‘ದೇರ್’ ಅಲ್ಲ, ಆದ್ದರಿಂದ ಆ ನಿಯಮ ಇದಕ್ಕಿಲ್ಲ. ಇನ್ನೊಂದು ಸಣ್ಣ ವಿಷಯ: ಹೆಸರಾದರೆ ಕ್ರಿಯಾಪದದ ಹಿಂದೆ ಹೋಗುತ್ತದೆ, ಸರ್ವನಾಮವಾದರೆ ಮುಂದೆಯೇ ಇರುತ್ತದೆ. ‘ದೇರ್ ಗೋಸ್ ದ ಬಸ್’, ಆದರೆ ‘ದೇರ್ ಇಟ್ ಗೋಸ್’.

ಜಾಗ ಅನ್ನುವುದು ಬರೀ ನೆಲದ ಮೇಲಿನ ಜಾಗ ಆಗಬೇಕಾಗಿಲ್ಲ. ಮಾತಿನಲ್ಲಿ, ವಾದದಲ್ಲಿ, ಕೆಲಸದಲ್ಲಿ ಒಂದು ಹಂತವೂ ಜಾಗವೇ. ‘ಯು ಆರ್ ರಾಂಗ್ ದೇರ್’ ಅಂದರೆ ನೀವು ತಪ್ಪಿದ್ದು ಅಲ್ಲಿ. ಕನ್ನಡದಲ್ಲೂ ಹಾಗೇ ಹೇಳುತ್ತೇವೆ. ‘ವಿ ಆರ್ ಆಲ್‌ಮೋಸ್ಟ್ ದೇರ್’ ಅಂದರೆ ಇನ್ನೇನು ಬಂದೇ ಬಿಟ್ಟೆವು, ಅದು ಪ್ರಯಾಣಕ್ಕೂ ಸರಿ, ಪ್ರಾಜೆಕ್ಟಿಗೂ ಸರಿ. ಕೆಲವು ಮಾತುಗಳಲ್ಲಿ ಮಾತ್ರ ಎರಡು ಭಾಷೆ ತಿರುಗಾಮುರುಗಾ. ಎಷ್ಟೋ ಹುಡುಕಿದ ಮೇಲೆ ಸಿಕ್ಕಿದವರನ್ನು ಇಂಗ್ಲಿಷಿನವರು ‘ದೇರ್ ಯು ಆರ್!’ ಅನ್ನುತ್ತಾರೆ. ನಾವು ‘ಓ, ಇಲ್ಲಿದ್ದೀಯಾ!’ ಅನ್ನುತ್ತೇವೆ. ಅಂಗಡಿಯವರು ಸಾಮಾನು ಕೈಗೆ ಕೊಡುವಾಗ ಹೇಳುವ ‘ದೇರ್ ಯು ಗೋ’ಗೆ ನಮ್ಮ ‘ತಗೊಳ್ಳಿ’ ಸಾಕು. ಅಳುವ ಮಗುವಿನ ಬೆನ್ನು ತಟ್ಟುತ್ತಾ ‘ದೇರ್, ದೇರ್’ ಅಂದರೆ ‘ಆಯ್ತು ಕಂದ, ಆಯ್ತು’. ‘ಹಾಯ್ ದೇರ್’ನಲ್ಲಿ ಅರ್ಥ ಹುಡುಕಲೇಬೇಡಿ. ಅದು ಸುಮ್ನೆ ಸಲಿಗೆಯ ನಮಸ್ಕಾರ. ಮೇಲಧಿಕಾರಿಗೆ ಬರೆಯುವ ಮೇಲ್‌ನಲ್ಲಿ ಬೇಡ.

‘ಅಲ್ಲೇ’ ಅನ್ನುವುದಕ್ಕೆ ನಾವು ‘ದೇರ್ ಓನ್ಲಿ’ ಅನ್ನುತ್ತೇವೆ. ‘ಐ ಕೆಪ್ಟ್ ಇಟ್ ದೇರ್ ಓನ್ಲಿ’. ಕನ್ನಡದ ‘ಏ’ಯನ್ನು ‘ಓನ್ಲಿ’ ಮಾಡಿದ್ದು ಅದು. ಇಂಗ್ಲಿಷ್‌ನಲ್ಲಿ ‘ರೈಟ್ ದೇರ್’ ಅನ್ನಬೇಕು. ‘ಇಲ್ಲೇ ಇದ್ದೀನಿ’ ಅನ್ನುವುದು ‘ಐ ಆಮ್ ರೈಟ್ ಹಿಯರ್’.

ಈಗ ‘ಗೋ ಟು ದೇರ್’. ನಿಮ್ಮ ತರ್ಕ ಸರಿಯಾಗಿಯೇ ಇದೆ. ಕನ್ನಡದಲ್ಲಿ ‘ಅಲ್ಲಿ’, ‘ಅಲ್ಲಿಗೆ’, ‘ಅಲ್ಲಿಂದ’ ಅಂತ ಮೂರಿವೆ. ‘ಅಲ್ಲಿಗೆ ಹೋಗು’ ಅಂದಾಗ ‘ಗೆ’ ಇದೆ, ಅದಕ್ಕೆ ‘ಟು’ ಹಾಕಿದಿರಿ. ಹಳೆಯ ಇಂಗ್ಲಿಷ್‌ನಲ್ಲೂ ಮೂರು ಮೂರು ಪದ ಇದ್ದವು. ‘ದೇರ್’ ಅಂದರೆ ಅಲ್ಲಿ, ‘ದಿದರ್’ ಅಂದರೆ ಅಲ್ಲಿಗೆ, ‘ದೆನ್ಸ್’ ಅಂದರೆ ಅಲ್ಲಿಂದ. ಹಾಗೇ ಇಲ್ಲಿಗೆ ‘ಹಿದರ್’, ಎಲ್ಲಿಗೆ ‘ವಿದರ್’. ಕಾಲ ಕಳೆದಂತೆ ‘ದಿದರ್’ ಬಳಕೆ ತಪ್ಪಿತು, ಅದರ ಕೆಲಸವೂ ‘ದೇರ್’ ಹೆಗಲಿಗೆ ಬಂತು. ಅಂದರೆ ಇವತ್ತಿನ ‘ದೇರ್’ ಒಳಗೇ ‘ಗೆ’ ಸೇರಿಕೊಂಡಿದೆ. ‘ಗೋ ದೇರ್’ ಅಂದರೆ ಸಾಕು, ‘ಕಮ್ ಹಿಯರ್’ ಅಂದರೆ ಸಾಕು. ‘ದೆನ್ಸ್’ ಕೂಡ ಹೆಚ್ಚುಕಡಿಮೆ ಹೋಯಿತು, ಆದರೆ ‘ಇಂದ’ದ ಅರ್ಥವನ್ನು ‘ದೇರ್’ ಹೊತ್ತುಕೊಳ್ಳಲಿಲ್ಲ. ಆದ್ದರಿಂದ ‘ಫ್ರಮ್ ದೇರ್’ ಅಂತ ಹೇಳಲೇಬೇಕು. ‘ಮೇಲೆ ಅಲ್ಲಿ’, ‘ಒಳಗೆ ಅಲ್ಲಿ’ ಅನ್ನುವುದಕ್ಕೆ ‘ಅಪ್ ದೇರ್’, ‘ಇನ್ ದೇರ್’ ಅನ್ನುವುದೂ ಸರಿ. ‘ಟು’ ಒಂದೇ ಬೇಡದ್ದು.

ಸ್ಪೆಲಿಂಗ್ ನೆನಪಿಡುವುದಕ್ಕೂ ಇಲ್ಲೊಂದು ದಾರಿ ಇದೆ. ‘ಹಿಯರ್’ನ ನಾಲ್ಕು ಅಕ್ಷರ ಬರೆದು ಮುಂದೆ ಟಿ ಹಾಕಿದರೆ ‘ದೇರ್’, ಡಬ್ಲ್ಯು ಹಾಕಿದರೆ ‘ವೇರ್’. ಇಲ್ಲಿ, ಅಲ್ಲಿ, ಎಲ್ಲಿ. ಜಾಗದ ಮಾತಾದರೆ ಒಳಗೆ ‘ಹಿಯರ್’ ಇರುತ್ತದೆ. ‘ಅವರ’ ಅನ್ನುವ ಅರ್ಥದ ‘ದೇರ್’ನಲ್ಲಿ ಇರುವುದಿಲ್ಲ.

ಒಂದು ವಿಷಯ ನೀವು ಕೇಳದಿದ್ದರೂ ಹೇಳಬೇಕು ಅನ್ನಿಸುತ್ತದೆ. ಈ ತೊಡಕು ಉಲ್ಟಾ ದಾರಿಯಲ್ಲೂ ಬರುತ್ತಿದೆ. ಇಂಗ್ಲಿಷಿನ ‘ದೇರ್ ಈಸ್ ನೋ ಎವಿಡೆನ್ಸ್’ ಅನ್ನುವುದನ್ನು ‘ಅಲ್ಲಿ ಯಾವುದೇ ಸಾಕ್ಷ್ಯ ಇಲ್ಲ’ ಅಂತ ಕನ್ನಡಕ್ಕೆ ತರುತ್ತಾರೆ. ಎಲ್ಲಿ? ಯಾವ ಜಾಗದಲ್ಲಿ? ಕಂಪ್ಯೂಟರ್ ಅನುವಾದಗಳಲ್ಲಂತೂ ಇಂಥ ‘ಅಲ್ಲಿ’ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ‘ಸಾಕ್ಷ್ಯ ಇಲ್ಲ’ ಅಂದರೆ ಮುಗಿಯಿತು. ನಮ್ಮ ಭಾಷೆಗೆ ಟವೆಲ್ ಹಾಕುವ ಅಗತ್ಯವೇ ಇಲ್ಲ. ಬೇಡದ ಒಂದು ‘ಅಲ್ಲಿ’ ಸೇರಿಸಿ ಒಳ್ಳೆಯ ವಾಕ್ಯ ಕೆಡಿಸಬೇಡಿ. ಆಫೀಸಿನಲ್ಲಿ ಯಾವತ್ತಾದರೂ ಕನ್ನಡದಲ್ಲಿ ನೋಟಿಸ್ ಬರೆಯುವ ಕೆಲಸ ನಿಮಗೆ ಬಂದರೆ ಇದನ್ನು ನೆನಪಿಡಿ.

ಕೊನೆಗೆ ನಿಮ್ಮ ಬಾಡಿಗೆ ಕರಾರು. ‘ದೇರ್’ ಮುಂದಿದ್ದು ಹಿಂದೆ ‘ಆಫ್’, ‘ಇನ್’, ‘ಟು’, ‘ಬೈ’ ಅಂಟಿಕೊಂಡರೆ ಅದು ‘ಅಲ್ಲಿ’ಯೂ ಅಲ್ಲ, ಟವೆಲ್ಲೂ ಅಲ್ಲ. ಅಲ್ಲಿ ‘ದೇರ್’ ಅಂದರೆ ‘ಅದು’. ಹಿಂದೆ ಇರುವುದು ನಮ್ಮ ವಿಭಕ್ತಿ ಪ್ರತ್ಯಯದ ಥರ. ‘ದೇರಾಫ್’ ಅಂದರೆ ಅದರ, ‘ದೇರಿನ್’ ಅಂದರೆ ಅದರಲ್ಲಿ, ‘ದೇರ್‌ಟು’ ಅಂದರೆ ಅದಕ್ಕೆ, ‘ದೇರ್‌ಬೈ’ ಅಂದರೆ ಅದರಿಂದ, ‘ದೇರ್‌ಆಫ್ಟರ್’ ಅಂದರೆ ಅದಾದ ಮೇಲೆ. ದಿನಾ ಬಳಸುವ ‘ದೇರ್‌ಫೋರ್’ ಕೂಡ ಇದೇ ಗುಂಪಿನದು, ಅದಕ್ಕಾಗಿ ಅನ್ನುವುದರಿಂದ ‘ಆದ್ದರಿಂದ’ ಆಗಿದೆ. ಕನ್ನಡಿಗರಿಗೆ ಈ ಪದಗಳು ಇಂಗ್ಲಿಷಿನವರಿಗಿಂತ ಸುಲಭ ಆಗಬೇಕು. ಪ್ರತ್ಯಯ ಹಿಂದೆ ಅಂಟಿಸುವುದು ನಮಗೆ ಹುಟ್ಟಿನಿಂದ ಅಭ್ಯಾಸ.

ನಿಮ್ಮ ಕರಾರಿನಲ್ಲಿ ಬಹುಶಃ ಇಂಥದ್ದೊಂದು ಷರತ್ತು ಇರುತ್ತದೆ: ‘ದ ಟೆನೆಂಟ್ ಷಲ್ ನಾಟ್ ಸಬ್‌ಲೆಟ್ ದ ಪ್ರೆಮಿಸಸ್ ಆರ್ ಎನಿ ಪಾರ್ಟ್ ದೇರಾಫ್’. ಬಾಡಿಗೆದಾರರು ಮನೆಯನ್ನಾಗಲಿ, ಅದರ ಯಾವುದೇ ಭಾಗವನ್ನಾಗಲಿ ಇನ್ನೊಬ್ಬರಿಗೆ ಬಾಡಿಗೆಗೆ ಕೊಡಬಾರದು ಅಂತ. ‘ದೇರಾಫ್’ ಅನ್ನುವ ಒಂದು ಪದದಿಂದ ಒಂದು ರೂಮನ್ನು ಗೆಳತಿಗೆ ಬಾಡಿಗೆಗೆ ಕೊಡುವುದಕ್ಕೂ ಅಡ್ಡಿ ಬಂತು. ‘ಫಿಟಿಂಗ್ಸ್ ದೇರಿನ್’ ಅಂದರೆ ಮನೆಯೊಳಗಿನ ಫ್ಯಾನು, ಲೈಟು, ಗೀಸರು. ‘ದೇರಿನ್’ ಮತ್ತು ‘ಹಿಯರಿನ್’ ಒಂದೇ ಅಂತ ಓದಿಬಿಡಬೇಡಿ. ‘ಹಿಯರಿನ್’ ಅಂದರೆ ಈ ಕರಾರು ಪತ್ರದಲ್ಲಿ. ‘ದೇರಿನ್’ ಅಂದರೆ ಈಗ ತಾನೇ ಹೆಸರಿಸಿದ ಇನ್ನೊಂದರಲ್ಲಿ, ಅಂದರೆ ಮನೆಯಲ್ಲಿ, ಶೆಡ್ಯೂಲ್‌ನಲ್ಲಿ ಅಥವಾ ಹಳೆಯ ಪತ್ರದಲ್ಲಿ. ನಮ್ಮ ಕನ್ನಡದ ಪತ್ರಗಳಲ್ಲಿ ‘ಸದರಿ’ ಅಂತ ಬರೆದು ಹಿಂದಿನದಕ್ಕೆ ಕೈ ತೋರಿಸುವ ಹಾಗೆ.

ಸಹಿ ಹಾಕುವ ಮುಂಚೆ ಒಂದು ಕೆಲಸ ಮಾಡಿ. ‘ದೇರ್’ ಅಂಟಿಕೊಂಡ ಪ್ರತಿ ಪದಕ್ಕೂ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಪಕ್ಕದಲ್ಲಿ ‘ಅದು’ ಅಂದರೆ ಯಾವುದು ಅಂತ ಬರೆಯಿರಿ: ಮನೆ, ಅಡ್ವಾನ್ಸ್, ಮೆಂಟೆನೆನ್ಸ್, ನೋಟಿಸ್ ಅವಧಿ. ಎಲ್ಲಾದರೂ ‘ಅದು’ ಎರಡು ವಸ್ತುವಿಗೆ ಹೊಂದುವ ಹಾಗಿದ್ದರೆ, ಓನರ್ ಹತ್ತಿರ ಕೇಳಿ ಆ ಜಾಗದಲ್ಲಿ ವಸ್ತುವಿನ ಹೆಸರನ್ನೇ ಬರೆಸಿಕೊಳ್ಳಿ.